ಟಾರ್ಚು ಹಿಡಿಯುವ ಕೆಲಸ

ನನ್ನ ಮಗನಿಗೆ ಚಿಕ್ಕಂದಿನಿಂದಲೂ ಎಂಜಿನ್ ಬಿಚ್ಚುವ ಹುಚ್ಚು. ಮೊಪೆಡ್ಡಿರಲಿ, ನೀರೆತ್ತುವ ಪಂಪಿರಲಿ, ಪಕ್ಕದಲ್ಲಿ ಟಾರ್ಚು ಹಿಡಿದು ನಿಲ್ಲುತ್ತಿದ್ದವಳು ನಾನು. ಸಣ್ಣ ಸಾಮಾನು ಕೂರಿಸುವುದು ಅವನ ದಪ್ಪ ಬೆರಳಿಗೆ ಆಗದು. "ಅಮ್ಮಾ, ಸ್ವಲ್ಪ ಬಾ" ಎನ್ನುತ್ತಿದ್ದ. ಈಗ ನನ್ನ ಗೆಣ್ಣುಗಳು ಊದಿಕೊಂಡಿವೆ, ಮನೆಗೆ ಸೊಸೆ ಬಂದಿದ್ದಾಳೆ. ಅವಳ ಬೆರಳುಗಳೋ, ಹೇಳಿ ಮಾಡಿಸಿದ ಹಾಗಿವೆ.

ಈ ಸಲ ಅವನು ತಂದದ್ದು ನೀರಿನ ಮೇಲೆ ಓಡುವ ಸ್ಕೂಟರ್. ಯಾರೋ ಕೆಡಿಸಿ ಮೂಲೆಗೆ ತಳ್ಳಿದ್ದು. ಅದರ ಎಂಜಿನ್ನನ್ನು ಶೆಡ್ಡಿನ ಮೇಜಿನ ಮೇಲಿಟ್ಟುಕೊಂಡು ಗಂಡ ಹೆಂಡತಿ ತಲೆಗೆ ತಲೆ ತಾಗಿಸಿ ಕೂತಿರುತ್ತಿದ್ದರು. ನಾನು ಚಹಾ ತಂದರೆ "ಅಲ್ಲಿಡಮ್ಮ", ಅಷ್ಟೇ. ನನಗೆ ಹೊಟ್ಟೆ ಉರಿಯುತ್ತಿತ್ತು. ಸುಳ್ಳೇಕೆ ಹೇಳಲಿ?

ಅವತ್ತು ಹೊಸ ಪಿಸ್ಟನ್ ಕೂರಿಸುತ್ತಿದ್ದರು. ಪಿಸ್ಟನ್ನಿನ ಪಿನ್ ಹೊರಗೆ ಜಾರದ ಹಾಗೆ ಎರಡೂ ಕಡೆ ಸಣ್ಣದೊಂದು ತಂತಿಯ ಬಳೆ ಹಾಕಬೇಕು, ಲಾಕ್ ಅಂತಾರೆ. ಒತ್ತಿದರೆ ಚಿಮ್ಮುವ ಸಾಮಾನು. ಎಂಜಿನ್ನಿನೊಳಗೆ ಬಿದ್ದು ಅಲ್ಲೇ ಉಳಿದರೆ, ಸ್ಟಾರ್ಟ್ ಮಾಡಿದ ಕೂಡಲೇ ಎಲ್ಲ ಪುಡಿಪುಡಿ. ಅದಕ್ಕೇ ಕೆಳಗಿನ ಬಾಯಿಗೆ ಮೊದಲು ಬಟ್ಟೆ ತುರುಕಬೇಕು. ಸೊಸೆ ತುರುಕಿರಲಿಲ್ಲ. ನೋಡಿಯೂ ನಾನು ಬಾಯಿ ಬಿಡಲಿಲ್ಲ.

ಲಾಕ್ ಟಿಣ್ಣೆಂದು ಹಾರಿತು. ಇಬ್ಬರೂ ಗಾಬರಿಯಿಂದ ಎಂಜಿನ್ನಿನೊಳಗೆ ಇಣುಕಿದರು. ಅದು ಬಿದ್ದದ್ದು ನನ್ನ ಚಪ್ಪಲಿಯ ಪಕ್ಕ. ಬಗ್ಗಿ ಎತ್ತಿಕೊಂಡು ಮುಷ್ಟಿ ಬಿಗಿಹಿಡಿದೆ. ಬೈಸಿಕೊಳ್ಳಲಿ ಸ್ವಲ್ಪ! ಹಿಂದೆ ಒಂದು ವಾಷರ್ ಬೀಳಿಸಿದ್ದಕ್ಕೆ "ಕಣ್ಣೆಲ್ಲಿಟ್ಟಿದ್ದೆ?" ಎಂದು ನನ್ನ ಮೇಲೆ ಹಾರಾಡಿದವನು ಇವನೇ.

"ಹೋಗ್ಲಿ ಬಿಡು," ಅಂದ ಅವಳಿಗೆ. "ನಿನ್ ಬೆರಳಿಗೇನೂ ಆಗ್ಲಿಲ್ವಲ್ಲ?"

ನನಗೆ ಮೈಯೆಲ್ಲ ಉರಿದುಹೋಯಿತು.

ಸೊಸೆ ಅಯಸ್ಕಾಂತದ ಕಡ್ಡಿ ಹಿಡಿದು ನೆಲವನ್ನೆಲ್ಲ ಗೋರಿದಳು. ಮೇಜಿನ ಕೆಳಗಂತೂ ಮತ್ತೆ ಮತ್ತೆ ಆಡಿಸಿದಳು. ಸಿಗಲಿಲ್ಲ. ಮಗ ನನ್ನ ಕಡೆ ತಿರುಗಿದ.

"ಅಮ್ಮಾ, ನಿನಗೂ ಕಾಣ್ಲಿಲ್ವಾ?"

"ಇಲ್ಲಪ್ಪ."

"ಹಾಗಾದ್ರೆ ಒಳಗೇ ಎಲ್ಲೋ ಸೇರ್ಕೊಂಡಿದೆ. ನೆಲದ ಮೇಲಿದ್ದಿದ್ರೆ ಅಮ್ಮನ ಕಣ್ಣಿಗೆ ಬೀಳದೆ ಇರ್ತಿರ್ಲಿಲ್ಲ. ಪೂರ್ತಿ ಬಿಚ್ಚಬೇಕು," ಎಂದು ಸ್ಪ್ಯಾನರ್ ಎತ್ತಿಕೊಂಡ.

ಇಂಥ ಒಂದು ಮಾತಿಗಾಗಿ ಎಷ್ಟು ದಿನದಿಂದ ಕಾದಿದ್ದೆ! ಬಂದದ್ದು ಯಾವಾಗ ನೋಡಿ. ವಾರಗಟ್ಟಲೆ ಕೂತು ಜೋಡಿಸಿದ್ದನ್ನು ನನ್ನ ಒಂದು 'ಇಲ್ಲಪ್ಪ' ನಂಬಿಕೊಂಡು ಬಿಚ್ಚಲು ಹೊರಟಿದ್ದ. ಮೊದಲ ಬೋಲ್ಟು ಕಿರ್ರೆಂದಿತು. ನನ್ನ ಕೈಲಿ ತಡೆಯಲಾಗಲಿಲ್ಲ.

"ತಾಳೋ," ಎಂದು ಮಂಡಿ ಹಿಡಿದುಕೊಂಡು ನೆಲಕ್ಕೆ ಕೂತೆ. ಮೇಜಿನ ಕೆಳಗೆ ಕೈಯಾಡಿಸಿ, "ಇಲ್ಲೇ ಇದೆ ನೋಡು," ಅಂದೆ.

"ನೋಡಿದ್ಯಾ? ಅಮ್ಮ ಅಂದ್ರೆ ಅಮ್ಮ!" ಮಗ ಹಿಗ್ಗಿಹೋದ. ತುರುಕಲು ಬಟ್ಟೆ ತರುತ್ತೇನೆಂದು ಒಳಗೆ ಓಡಿದ.

ಲಾಕನ್ನು ಸೊಸೆಯ ಅಂಗೈಗೆ ಹಾಕಿದೆ. ಅವಳು ಬೆರಳಲ್ಲಿ ಹೊರಳಿಸಿ ನೋಡಿದಳು. ಶೆಡ್ಡಿನ ಸಿಮೆಂಟ್ ನೆಲ ಅವತ್ತು ಕೊರೆಯುವಷ್ಟು ತಣ್ಣಗಿತ್ತು.

"ಬೆಚ್ಚಗಿದೆಯಲ್ಲ, ಅತ್ತೆ," ಅಂದಳು ಮೆಲ್ಲಗೆ.

ನಾನು ಗೋಡೆ ನೋಡಿದೆ. ಮಗ ಬಟ್ಟೆ ಹಿಡಿದು ಬಂದ. ಈಗ ಹೇಳಿಯೇಬಿಡುತ್ತಾಳೆ ಅಂದುಕೊಂಡೆ. ಅವಳು ಬಟ್ಟೆ ತುರುಕಿ, ಟಾರ್ಚನ್ನು ತಂದು ನನಗೆ ಕೊಟ್ಟಳು.

"ಬೆಳಕು ನೀವೇ ಹಿಡೀರಿ, ಅತ್ತೆ. ಎರಡೂ ಕೈಯಲ್ಲಿ."

ಹಿಡಿದೆ. ಅವಳು ಲಾಕನ್ನು ಒಂದೇ ಸಲಕ್ಕೆ ಕೂರಿಸಿದಳು. ನನ್ನ ಹೊಟ್ಟೆ ಇನ್ನೂ ಉರಿಯುತ್ತಲೇ ಇತ್ತು.