ತಾಪಮಾನ - 5

ಬಂದರಿನ ತಂಪು ಯಾರ್ಡಿನಲ್ಲಿ ಅವನನ್ನು ಎಲ್ಲರೂ ಮೈನಸ್ಸಣ್ಣ ಎಂದೇ ಕರೆಯುತ್ತಿದ್ದರು. ಹೆತ್ತವರು ಇಟ್ಟ ಹೆಸರು ಸಂಬಳದ ಪಟ್ಟಿಯಲ್ಲಿ ಇದ್ದಿರಬೇಕು. ಅಲ್ಲಿಂದ ಅದು ಹೊರಗೆ ಬಂದದ್ದನ್ನು ಯಾರೂ ಕಂಡಿಲ್ಲ. ಹಡಗಿಗೆ ಹೋಗುವ ತಂಪು ಕಂಟೇನರುಗಳು ಲಾರಿಯಿಂದ ಇಳಿದ ಕೂಡಲೇ ಅವಕ್ಕೆ ಕರೆಂಟು ಕೊಡುವುದು, ಚೀಟಿಯಲ್ಲಿ ಬರೆದ ತಾಪಮಾನಕ್ಕೆ ಯಂತ್ರವನ್ನು ಹೊಂದಿಸುವುದು, ಹಡಗು ಬರುವ ತನಕ ದಿನಕ್ಕೆ ನಾಲ್ಕು ಸಲ ಸಾಲಿನುದ್ದಕ್ಕೂ ನಡೆದು ಅಂಕಿ ನೋಡಿ ಬರುವುದು ಅವನ ಕೆಲಸ. ಮೂವತ್ತೊಂದು ವರ್ಷ ಇದನ್ನೇ ಮಾಡಿ ಮಂಡಿಗಳು ಸವೆದಿದ್ದವು. ಒಳಗೆ ಮೀನು, ಮಾಂಸ, ಬಟಾಣಿ ಹಾಯಾಗಿ ತಣ್ಣಗೆ ಮಲಗಿದ್ದರೆ, ಹೊರಗೆ ಯಂತ್ರಗಳು ಕಾರುವ ಬಿಸಿಗಾಳಿಯಲ್ಲಿ ಇವನು ಬೇಯಬೇಕು. ಆ ನ್ಯಾಯ ಯಾರು ಮಾಡಿದರೋ ಅವನಿಗೆ ಗೊತ್ತಿಲ್ಲ, ಕೇಳುವಷ್ಟು ತ್ರಾಣವೂ ಈಗ ಉಳಿದಿರಲಿಲ್ಲ.

ಅಡ್ಡಹೆಸರು ಬಂದದ್ದು ಫೋನಿನ ದೆಸೆಯಿಂದ. ಚೀಟಿ ಎಷ್ಟೇ ಸ್ಪಷ್ಟವಾಗಿರಲಿ, ಅದನ್ನು ಬರೆದ ಗುಮಾಸ್ತರಿಗೆ ಫೋನ್ ಮಾಡಿ ಕೇಳದೆ ಅವನು ಯಂತ್ರ ಮುಟ್ಟುತ್ತಿರಲಿಲ್ಲ.

"ಮೈನಸ್ಸಾ, ಪ್ಲಸ್ಸಾ? ಬಾಯಿಬಿಟ್ಟು ಹೇಳಿ."

"ಮೈನಸ್ ಹದಿನೆಂಟು ಅಂತ ಇಷ್ಟು ದಪ್ಪಗೆ ಬರೆದಿದೀನಲ್ಲ ಮಾರಾಯ್ರೇ, ಕಣ್ಣು ಕಾಣಲ್ವಾ?"

"ಕಣ್ಣಿಗೆ ಕಾಣುತ್ತೆ. ಕಿವಿಗೂ ಒಂದ್ಸಲ ಬೀಳ್ಲಿ."

ಗುಮಾಸ್ತರು ರೇಗುತ್ತಿದ್ದರು, ಹಿಂದಿನಿಂದ ಅವನ ದನಿಯನ್ನು ಅಣಕಿಸಿ ನಗುತ್ತಿದ್ದರು. ನಗಲಿ ಎಂದು ಅವನು ಸುಮ್ಮನಿರುತ್ತಿದ್ದ. ಹಿಂದೊಮ್ಮೆ ಯಾರೋ ಪುಣ್ಯಾತ್ಮ ಒಂದು ಗೆರೆ ಹಾಕಲು ಮರೆತು, ಒಂದಿಡೀ ಕಂಟೇನರ್ ಮೀನು ಕೊಳೆತು, ಬಂದರಿಗೆ ಬಂದರೇ ಮೂಗು ಮುಚ್ಚಿಕೊಂಡು ವಾರಗಟ್ಟಲೆ ಓಡಾಡಿದ್ದನ್ನು ಅವನು ಕಣ್ಣಾರೆ ಕಂಡಿದ್ದ.

ಒಬ್ಬರ ಚೀಟಿಗೆ ಮಾತ್ರ ಅವನು ಫೋನ್ ಮಾಡುತ್ತಿರಲಿಲ್ಲ. ಅದು ಅವನ ಮಗಳ ಚೀಟಿ.

ಮಗಳು ಗಂಡನ ಮನೆಯ ಸಹವಾಸವೇ ಸಾಕೆಂದು ಎರಡು ಸೂಟ್‌ಕೇಸ್ ಹಿಡಿದು ಬಂದು ವರ್ಷವಾಗಿತ್ತು. ಯಾಕೆ, ಏನು ಎಂದು ಅವನು ಕೆದಕಲಿಲ್ಲ. ಸರಕು ಕಳಿಸುವ ಕಚೇರಿಯ ಮ್ಯಾನೇಜರರ ಮುಂದೆ ಕೈಕಟ್ಟಿ ನಿಂತು, ಮೇಲಿನ ಮಹಡಿಯಲ್ಲಿ ಅವಳಿಗೊಂದು ಹಂಗಾಮಿ ಗುಮಾಸ್ತೆ ಕೆಲಸ ಕೊಡಿಸಿದ. ಬರುವ ತಿಂಗಳು ಅವಳ ಕೆಲಸ ಕಾಯಂ ಆಗಬೇಕಿತ್ತು. ಆಮೇಲೆ ಬೇರೆ ಮನೆ ನೋಡಿಕೊಳ್ಳುತ್ತೇನೆ ಎಂದು ಅವಳು ಹೇಳಿದಾಗಲೆಲ್ಲ ಅವನು ಹೂಂಗುಟ್ಟುತ್ತಿದ್ದ. ಕಚೇರಿಯಲ್ಲಿ ಅವಳಿಗೂ ಸ್ವಂತ ಹೆಸರಿರಲಿಲ್ಲ. ಮೈನಸ್ಸಣ್ಣನ ಮಗಳು, ಅಷ್ಟೇ. ಇನ್ನು ತಾನು ಬೇರೆ ದಿನಾ ಫೋನ್ ಮಾಡಿ ಪ್ಲಸ್ಸಾ ಮೈನಸ್ಸಾ ಎಂದರೆ, ಅಪ್ಪ ಮಗಳನ್ನು ಕಾವಲು ಕಾಯುತ್ತಾನೆ ಎಂದು ಎಂಟು ಜನ ಗುಮಾಸ್ತರು ಹಲ್ಲು ಕಿರಿಯುತ್ತಾರೆ. ಅದು ಬೇಡವೆಂದು ಅವಳ ಚೀಟಿಯನ್ನು ಕಣ್ಣಿಗೊತ್ತಿಕೊಳ್ಳುವುದೊಂದು ಬಾಕಿ, ಹಾಗೆ ನಂಬುತ್ತಿದ್ದ.

ದಾಳಿಂಬೆಯ ಕಂಟೇನರ್ ಬಂದದ್ದು ಮಂಗಳವಾರ. ಸಣ್ಣ ತೋಟಗಳ ಹೆಂಗಸರು ಹತ್ತಾರು ಜನ ಸೇರಿ ಮೊದಲ ಸಲ ಹೊರದೇಶಕ್ಕೆ ಕಳಿಸುತ್ತಿದ್ದ ಹಣ್ಣು. ಮಗಳಿಗೂ ಇದು ಮೊದಲ ಹಣ್ಣಿನ ಚೀಟಿ, ಅಲ್ಲಿಯ ತನಕ ಅವಳ ಪಾಲಿಗೆ ಬಂದದ್ದೆಲ್ಲ ಮೀನು, ಮಾಂಸ. ಚೀಟಿಯಲ್ಲಿ ಮಗಳು ನೀಟಾಗಿ ಟೈಪು ಮಾಡಿದ್ದಳು: ಸರಕು - ದಾಳಿಂಬೆ. ಪೆಟ್ಟಿಗೆ - 1200. ತಾಪಮಾನ - 5. ಪ್ರತಿ ಸಾಲಿನಲ್ಲೂ ಆ ಅಡ್ಡಗೆರೆ ಇತ್ತು. ಆದರೆ ಮೂವತ್ತೊಂದು ವರ್ಷದಿಂದ ಅವನ ಕಣ್ಣು ಬೇರೆ ಸಾಲುಗಳ ಕಡೆ ಹೊರಳಿದ್ದೇ ಇಲ್ಲ. ಅಂಕಿ ನೋಡಿದ, ಅಂಕಿಯ ಎಡಕ್ಕೆ ಗೆರೆ ನೋಡಿದ, ಯಂತ್ರವನ್ನು ಮೈನಸ್ ಐದಕ್ಕೆ ಹೊಂದಿಸಿ ಮುಂದಿನ ಕಂಟೇನರಿಗೆ ನಡೆದ.

ಹಡಗು ತಡವಾಯಿತು. ಐದು ದಿನ, ದಿನಕ್ಕೆ ನಾಲ್ಕು ಸಲದಂತೆ, ಅವನು ಆ ಅಂಕಿಯನ್ನು ಪುಸ್ತಕದಲ್ಲಿ ಬರೆದುಕೊಂಡ. ಮೈನಸ್ ಐದು, ಸರಿ. ಮೈನಸ್ ಐದು, ಸರಿ. ಭಾನುವಾರ ಹಡಗಿಗೆ ಏರಿಸುವ ಮುನ್ನ ಗುಣಮಟ್ಟದ ಅಧಿಕಾರಿ ಬಂದು ಬಾಗಿಲು ತೆಗೆಸಿ, ಒಂದು ಹಣ್ಣಿಗೆ ಚಾಕು ಹಾಕಿದರು. ಚಾಕು ಇಳಿಯಲಿಲ್ಲ. ಇನ್ನೊಂದಕ್ಕೆ ಹಾಕಿದರು. ಅದೂ ಕಲ್ಲು.

"ಏನಣ್ಣ ಇದು, ಹಣ್ಣು ಕಳಿಸ್ತಿದೀರೋ ಜಲ್ಲಿ ಕಳಿಸ್ತಿದೀರೋ?" ಎಂದರು ಅಧಿಕಾರಿ. ಅವನು ಒಂದು ಹಣ್ಣನ್ನು ಅಂಗೈಯಲ್ಲಿ ಹಿಡಿದು ನಿಂತ. ಸ್ವಲ್ಪ ಹೊತ್ತಿಗೆ ಬಿಸಿಲಿಗೆ ಅದರ ಸಿಪ್ಪೆ ಬೆವರಿತು, ಬೆರಳು ಒತ್ತಿದಲ್ಲಿ ಮೆತ್ತಗೆ ಕುಸಿಯಿತು. ಆಗಷ್ಟೇ ಅವನು ಚೀಟಿಯನ್ನು ಮೇಲಿನಿಂದ ಕೆಳಗೆ ಓದಿದ. ಪೆಟ್ಟಿಗೆ, ಗೆರೆ, ಸಾವಿರದ ಇನ್ನೂರು. ಸೊನ್ನೆಗಿಂತ ಕಡಿಮೆ ಪೆಟ್ಟಿಗೆ ಲೋಕದಲ್ಲಿ ಎಲ್ಲಾದರೂ ಇವೆಯೇ? ಹತ್ತಾರು ಹೆಂಗಸರ ಹಣ್ಣು ಹಾಳಾಯಿತೆಂಬುದು ಆಮೇಲೆ ಹೊಳೆಯಿತು. ಮೊದಲು ಹೊಳೆದದ್ದು ಮಗಳ ಮುಖ. ಹಾಗೆ ಹೊಳೆದದ್ದಕ್ಕೆ ಅವನಿಗೆ ನಾಚಿಕೆಯೂ ಆಯಿತು.

ಸೋಮವಾರ ಬೆಳಿಗ್ಗೆ ಮ್ಯಾನೇಜರ್ ಅವನನ್ನು ಮೇಲಕ್ಕೆ ಕರೆಸಿದರು. ನಲವತ್ತೆರಡು ಮೆಟ್ಟಿಲು. ಅವನು ಮೂರು ಕಡೆ ನಿಂತು ಸುಧಾರಿಸಿಕೊಂಡ. ಮ್ಯಾನೇಜರ್ ಕೆಟ್ಟ ಮನುಷ್ಯರೇನಲ್ಲ, ಅವರಿಗೂ ಮೇಲಿನವರಿದ್ದಾರೆ, ಮೇಲಿನವರಿಗೆ ಸಂಜೆಯೊಳಗೆ ಒಂದು ತಲೆ ಬೇಕು.

"ಚೀಟಿ ನಿಮ್ಮ ಮಗಳದ್ದು. ಗೆರೆ ಎಳೆದು ತಪ್ಪು ಮಾಡಿದ್ದು ಅವಳು ಅಂತ ಬರೆಯಲಾ? ಇಲ್ಲ, ಚೀಟಿ ಸರಿಯಿತ್ತು, ಓದಿದ್ದು ತಪ್ಪು ಅಂತ ಬರೆಯಲಾ? ಎರಡಲ್ಲಿ ಒಂದು ಹೇಳಿ."

"ಓದಿದ್ದು ತಪ್ಪು ಅಂತ ಬರೀರಿ ಸರ್."

"ಯೋಚನೆ ಮಾಡಿ. ಯಾರ್ಡಿಗೆ ಇನ್ನು ಬಿಟ್ಟುಕೊಳ್ಳೋದು ಕಷ್ಟ."

"ಮಂಡಿಗೂ ಸಾಕಾಗಿದೆ ಸರ್."

ಸಹಿ ಹಾಕಿ ಕೆಳಗಿಳಿಯುವಾಗ ಅವನಿಗೆ ದುಃಖವೇನೂ ಆಗಲಿಲ್ಲ. ಮೈಯೆಲ್ಲ ಹಗುರವಾಗಿ, ಎಲ್ಲಾದರೂ ಮಲಗಿಬಿಟ್ಟರೆ ಸಾಕೆನಿಸುವಂಥ ಸುಸ್ತು. ಮಗಳ ಕೆಲಸ ಉಳಿಯಿತಲ್ಲ, ಇನ್ನೇನು ಬೇಕು ಎಂದುಕೊಂಡ. ಮೆಟ್ಟಿಲ ಬುಡದ ಬೆಂಚಿನ ಮೇಲೆ ಅವಳೇ ಕೂತಿದ್ದಳು. ಕೈಯಲ್ಲೊಂದು ಮಡಿಸಿದ ಹಾಳೆ. ಅವನು ಪಕ್ಕದಲ್ಲಿ ಕೂತು ನಡೆದದ್ದನ್ನು ನಾಲ್ಕು ಮಾತಿನಲ್ಲಿ ಹೇಳಿ ಮುಗಿಸಿದ.

ಅವಳು ಹಾಳೆಯ ಮಡಿಕೆಯನ್ನು ಉಗುರಿನಿಂದ ತೀಡಿದಳು.

"ಒಂದು ಕೇಳ್ತೀನಿ ಅಪ್ಪ. ಎಲ್ಲರ ಚೀಟಿಗೂ ಫೋನ್ ಮಾಡ್ತೀರಿ. ನನ್ನದಕ್ಕೆ ಯಾಕೆ ಮಾಡ್ಲಿಲ್ಲ?"

"ನಿನ್ನ ಮೇಲೆ ನಂಬಿಕೆ ಇತ್ತಮ್ಮ. ಮತ್ತೆ ನಾನು ಮಾಡಿದ್ರೆ ನಾಲ್ಕು ಜನ ನಗ್ತಾರೆ ಅಂತ..."

"ನಗ್ಲಿ ಬಿಡಿ. ಎಲ್ಲರನ್ನೂ ನೋಡಿ ನಗ್ತಾರೆ. ಒಂದೊಂದೇ ಮೇಜಿಗೆ ನಿಮ್ಮ ಫೋನ್ ಬರೋದು, ಅವರು ಬೈದುಕೊಂಡು ಪ್ಲಸ್ಸು ಮೈನಸ್ಸು ಅನ್ನೋದು. ನನ್ನ ಮೇಜಿಗೆ ಯಾವತ್ತೂ ಬರ್ಲಿಲ್ಲ. ವರ್ಷಪೂರ್ತಿ ಕಾದೆ. ನೀವು ನನ್ನನ್ನ ಗುಮಾಸ್ತೆ ಅಂತ ಲೆಕ್ಕಕ್ಕೇ ಹಿಡಿದಿಲ್ಲ ಅಂದ್ಕೊಂಡೆ."

ಇಷ್ಟು ದಿನ ತಾನು ಮಗಳಿಗೆ ಮಾಡಿದ ಉಪಕಾರ ಎಂದು ಬಗೆದದ್ದು ಅವಳ ಪಾಲಿಗೆ ಏನಾಗಿತ್ತೆಂದು ಈಗ ತಿಳಿಯಿತು. ತಿಳಿದು ಮಾಡುವುದೇನು, ಐದು ದಿನವೂ ಕಳೆದುಹೋಗಿದ್ದವು.

"ಆಗಿದ್ದಾಯ್ತಲ್ಲಮ್ಮ. ನಾನು ಹೇಗೂ ಇನ್ನೆರಡು ವರ್ಷ. ನೀನು ಕಾಯಂ ಆಗ್ಬೇಕು."

"ಕಾಯಂ ಆಗ್ತೀನಿ. ಮೈನಸ್ಸಣ್ಣನ ಮಗಳಾಗೇ ಕಾಯಂ ಆಗ್ತೀನಿ." ಅವಳು ಕೋಪದಿಂದ ಹೇಳಲಿಲ್ಲ, ದಣಿದ ದನಿಯಲ್ಲಿ ಹೇಳಿದಳು. "ಆ ಗೆರೆ ಎಳೆದದ್ದು ನಾನು. ಒಂದು ತಪ್ಪು ಮಾಡಿದ್ರೆ ಅದಾದ್ರೂ ನಂದು ಅಂತ ಇರ್ಲಿ ಅಪ್ಪ. ಅದನ್ನೂ ನೀವೇ ಹೊತ್ಕೊಂಡು ಹೋಗ್ಬೇಡಿ."

ಅವಳು ಹಾಳೆಯನ್ನು ಬಿಡಿಸಿ ಅವನ ಮುಂದೆ ಹಿಡಿದಳು. ಕೆಳಗೆ ಅವಳ ಸಹಿ ಇತ್ತು. ತಪ್ಪು ನನ್ನದು ಎಂಬ ಮೊದಲ ಸಾಲು ಓದುವಷ್ಟರಲ್ಲಿ ಅವನ ಕಣ್ಣು ಮಂಜಾಯಿತು. ಈ ಹಾಳೆ ಮೇಲೆ ಹೋದರೆ ಕೆಲಸ ಹೋದಂತೆಯೇ ಎಂದು ಅವಳಿಗೂ ಗೊತ್ತಿತ್ತು, ಅವನಿಗೂ ಗೊತ್ತಿತ್ತು. ಬೇಡ ಎನ್ನಲು ಅವನು ಬಾಯಿ ತೆರೆದ. ಅವಳು ತನ್ನ ಮುಖವನ್ನೇ ನೋಡುತ್ತಿದ್ದಾಳೆಂದು ಕಂಡು ಬಾಯಿ ಮುಚ್ಚಿಕೊಂಡ.

ಅವಳು ಎದ್ದು ಮೆಟ್ಟಿಲು ಹತ್ತತೊಡಗಿದಳು. ಎಲ್ಲೂ ನಿಲ್ಲಲಿಲ್ಲ. ಮೇಲೆ ಮ್ಯಾನೇಜರರ ಬಾಗಿಲು ತಟ್ಟಿದ ಸದ್ದು ಕೇಳಿತು. ಹಿಂದೆಯೇ ಓಡಿಹೋಗಿ, ಹುಡುಗಿಗೆ ತಿಳಿಯದು ಸರ್, ಅವಳ ಮಾತು ಹಿಡೀಬೇಡಿ ಎಂದುಬಿಡೋಣವೆಂದು ಅವನ ಮೈಯೆಲ್ಲ ತುಡಿಯಿತು. ಅವನು ಎರಡೂ ಕೈಯಿಂದ ಬೆಂಚಿನ ಅಂಚನ್ನು ಬಿಗಿಯಾಗಿ ಹಿಡಿದು, ಕೂತಲ್ಲೇ ಕೂತ.