ಕಾರಹುಣ್ಣಿಮೆಯ ಎತ್ತಿಗೆ ಡಾಕ್ಟರು ಬಂದದ್ದು

ಮುಂಬಯಿ ಕಾಂದಿವಲಿಯ ನಮ್ಮ ಚಾಳಿನಲ್ಲಿ ನೀರಿನ ಜಗಳವಿದೆ, ಸಂಡಾಸದ ಮುಂದೆ ಸಾಲಿದೆ, ಎಲ್ಲಾ ಇದೆ. ಎತ್ತು ಮಾತ್ರ ಇಲ್ಲ. ಎತ್ತಿಲ್ಲದೆ ಕಾರಹುಣ್ಣಿಮೆ ಮಾಡುವುದು ಹೇಗೆ ಹೇಳಿ? ವಿಜಯಪುರದ ಕಡೆಯಿಂದ ಬಂದ ನಮ್ಮಂಥವರಿಗೆ ಇದು ಸಣ್ಣ ಚಿಂತೆಯಲ್ಲ. ಆ ದಿನ ಎತ್ತಿನ ಮೈ ತೊಳೆದು, ಕೋಡಿಗೆ ಬಣ್ಣ ಹಚ್ಚಿ, ಹೋಳಿಗೆ ತಿನ್ನಿಸಬೇಕು. ಎತ್ತು ಬಾಯಿ ಮುಟ್ಟಿದ ಮೇಲೆಯೇ ಮನೆಯವರು ಉಣ್ಣುವುದು. ಇಷ್ಟು ವರ್ಷ ಮಣ್ಣಿನ ಎತ್ತು ಮಾಡಿ, ಅದರ ಮೂತಿಗೆ ಹೋಳಿಗೆ ತಾಗಿಸಿ ಮುಗಿಸುತ್ತಿದ್ದೆವು.

ಈ ಸಲ ಹಾಗಲ್ಲ, ಜೀವಂತ ಎತ್ತೇ ಬರುವುದಿತ್ತು. ಗೊತ್ತು ಮಾಡಿದವರು ನಮ್ಮ ಮಾವ ದಾನಪ್ಪ. ಬೊರಿವಲಿ ಸ್ಟೇಷನ್ನಿನ ಹೊರಗೆ ಮರೆಪ್ಪ ಎಂಬುವನು ಸಿಂಗರಿಸಿದ ಎತ್ತನ್ನು ಹಿಡಿದುಕೊಂಡು ಅಂಗಡಿ ಅಂಗಡಿ ತಿರುಗುತ್ತಿದ್ದನಂತೆ. ಮಾತಾಡಿಸಿದರೆ ಕನ್ನಡ, ಅದೂ ನಮ್ಮ ಕಡೆಯ ಕನ್ನಡ. ಮಾವನಿಗೆ ಬೆನ್ನಿಗೆ ಬಿದ್ದ ತಮ್ಮನೇ ಸಿಕ್ಕಷ್ಟು ಖುಷಿ.

ನಾನು ಮಾಧುರಿ, ಈ ಮನೆಯ ಸೊಸೆ. ಹಬ್ಬದ ದಿನ ಬೆಳಕು ಹರಿಯುವ ಮೊದಲೇ ಅತ್ತೆ ರಾಚವ್ವ ನನ್ನನ್ನು ಎಬ್ಬಿಸಿ ಹೂರಣ ರುಬ್ಬಲು ಕೂರಿಸಿದರು. ಪಕ್ಕದ ಖೋಲಿಯ ತಾಜಬಿ ಚಿಕ್ಕಮ್ಮ ಕೋಡಿಗೆ ಹಚ್ಚಲು ಬಣ್ಣ ಕಲಸಿ ತಂದರು. ಇಡೀ ಚಾಳು ಅಂಗಳಕ್ಕೆ ಇಳಿದಿತ್ತು. ಗೇಟಿನಲ್ಲಿ ಗೆಜ್ಜೆ ಸದ್ದು ಕೇಳಿದ್ದೇ ತಡ, ಬಂತು ಬಂತು ಎಂದು ಎಲ್ಲರೂ ಓಡಿದ್ದೇ ಓಡಿದ್ದು. ನಾನೂ ಹಿಟ್ಟಿನ ಕೈಯಲ್ಲೇ ಓಡಿದೆ.

ಎತ್ತು ನೋಡಲು ಚೆಂದವಿತ್ತು. ಬಿಳೀ ಮೈ, ಕೊರಳಲ್ಲಿ ಗಂಟೆ, ಬೆನ್ನ ತುಂಬ ಕನ್ನಡಿ ಹೊಲಿದ ಕೆಂಪು ಝೂಲು. ಮರೆಪ್ಪ ಅದರ ಪಕ್ಕದಲ್ಲಿ ನಿಂತು, "ಬಸವಣ್ಣಗ ಏನ ಕೇಳ್ತೀರಿ ಕೇಳ್ರಿ. ಖರೇ ಇದ್ರ ತಲಿ ಹಾಕತಾನ," ಅಂದ. ಮಹಡಿಯ ಹಾಲವ್ವ ಮುಂದೆ ಬಂದು, ಮಗಳ ಮದುವೆ ಈ ವರ್ಷ ಆಗುತ್ತದೆಯೇ ಎಂದು ಕೇಳಿದಳು. ಎತ್ತು ತಲೆ ಆಡಿಸಿತು. ಎಲ್ಲರೂ ಚಪ್ಪಾಳೆ ತಟ್ಟಿದರು. ಹಾಲವ್ವನ ಕಣ್ಣಲ್ಲಿ ನೀರು.

ಅತ್ತೆ ಮಾತ್ರ ಚಪ್ಪಾಳೆ ತಟ್ಟಲಿಲ್ಲ. ಅವರು ಹೋಳಿಗೆ ತುಣುಕನ್ನು ಎತ್ತಿನ ಬಾಯಿಗೆ ಹಿಡಿದಿದ್ದರು, ಎತ್ತು ಮೂತಿ ಆ ಕಡೆ ತಿರುಗಿಸಿತು. ಬೆಲ್ಲ ಹಿಡಿದರು, ಅದಕ್ಕೂ ಹಾಗೇ. ಹಿಂಗಾಲು ಒಂದನ್ನು ನೆಲಕ್ಕೆ ಊರದೆ ಮೇಲೆಯೇ ಹಿಡಿದುಕೊಂಡಿತ್ತು.

"ಯಾಕಪಾ, ತಿನವಲ್ದು?" ಅಂದರು ಅತ್ತೆ.

"ಹಾದಿಯಾಗ ಮಂದಿ ತಿನಿಸ್ಯಾರ ಯವ್ವಾ, ಹೊಟ್ಟಿ ತುಂಬೇತಿ," ಅಂದ ಮರೆಪ್ಪ.

ಅತ್ತೆ ತವರಲ್ಲಿ ಎತ್ತುಗಳ ನಡುವೆಯೇ ಬೆಳೆದವರು. ಹೊಟ್ಟೆ ತುಂಬಿದ ಎತ್ತು ಯಾವುದು, ನೋಯುವ ಎತ್ತು ಯಾವುದು ಎಂದು ಅವರಿಗೆ ಯಾರೂ ಹೇಳಿಕೊಡಬೇಕಿಲ್ಲ. ಇನ್ನೊಬ್ಬರು ಪ್ರಶ್ನೆ ಕೇಳಿದಾಗ ಅವರು ಎತ್ತಿನ ತಲೆ ನೋಡಲಿಲ್ಲ, ಮರೆಪ್ಪನ ಕೈ ನೋಡಿದರು. ಅವನ ಕೋಲಿನ ತುದಿ ಝೂಲಿನ ಒಳಗೆ ಹೋಯಿತು, ಎತ್ತಿನ ಚರ್ಮ ಬಡಬಡ ಅದುರಿತು, ತಲೆ ಆಡಿತು. ಅರಿಶಿನ ಹಚ್ಚುವ ನೆಪದಲ್ಲಿ ಅತ್ತೆ ಝೂಲಿನ ಅಂಚು ಎತ್ತಿದರು. ಡುಬ್ಬದ ಕೆಳಗೆ ಅಂಗೈಯಗಲದ ಹುಣ್ಣು, ಅದರ ಮೇಲೆ ಹಸಿ ರಕ್ತ. ಕೋಲಿನ ತುದಿಗೆ ಮೊಳೆ ಹೊಡೆದಿತ್ತು.

"ಝೂಲ ತಗೀಬ್ಯಾಡ್ರಿ ಯವ್ವಾ, ಕಣ್ಣ ಬೀಳ್ತಾವು," ಎಂದು ಮರೆಪ್ಪ ಅದನ್ನು ಎಳೆದು ಮುಚ್ಚಿದ.

ಅತ್ತೆ ತುಪ್ಪ ತರುತ್ತೇನೆಂದು ಒಳಗೆ ಬಂದವರು ಅಡುಗೆ ಕಟ್ಟೆ ಹಿಡಿದುಕೊಂಡು ನಿಂತುಬಿಟ್ಟರು. ನಾನೂ ತಾಜಬಿ ಚಿಕ್ಕಮ್ಮನೂ ಹಿಂದೆಯೇ ಹೋದೆವು. ಮಾವನೂ ಬಂದರು. ಅತ್ತೆ ಕಂಡದ್ದೆಲ್ಲ ಹೇಳಿ, "ಪೊಲೀಸ್ರಿಗೆ ಹೇಳೂನು," ಅಂದರು.

ಮಾವ ಬಾಗಿಲು ಹಾಕಿದರು. "ತಲಿ ಕೆಟ್ಟೈತೇನ ನಿಂದು? ನಾವ ಪರಮುಲಕದಾಗ ಹೊಟ್ಟಿ ಹೊರಕೋತ ಕುಂತಾವ್ರು. ಪೊಲೀಸ್ರು ಮೊದಲ ಕೇಳೂದು ನೀವ್ ಎಲ್ಲ್ಯಾವ್ರು ಅಂತ. ಮರಾಠಿ ನೆಟ್ಟಗ ಬರಂಗಿಲ್ಲ, ಏನಂತ ಹೇಳ್ತಿ? ಅದೂ ಅಲ್ದ ಅಂವ ನಮ್ಮ ಮಂದಿ. ಇಷ್ಟ ದೊಡ್ಡ ಊರಾಗ ನಮ್ಮ ಭಾಷಾ ಆಡಾವ ಒಬ್ಬ ಸಿಕ್ರ, ಅವನ್ನ ನಾವ ಹಿಡಿದು ಕೊಡೂದ?"

"ಮತ್ತ ಎತ್ತು ಯಾರ ಮಂದಿರೀ?" ಅಂದರು ಅತ್ತೆ.

ಮಾವ ಉಸಾಬರಿ ಬೇಡ, ಹಬ್ಬ ಕೆಡಿಸಬೇಡ ಎಂದು ಗೊಣಗುತ್ತಲೇ ಇದ್ದರು.

ಆಗ ತಾಜಬಿ ಚಿಕ್ಕಮ್ಮ ಬಾಯಿ ಬಿಟ್ಟರು. "ದಾನಪ್ಪಣ್ಣಾ, ನಾವ ಮಸ್ಕತ್‌ನಾಗ ಇದ್ವಿ, ಗೊತ್ತೈತಿಲ್ಲೊ. ನಮ್ಮವ್ರದು ಅಲ್ಲಿ ಟೇಲರ್ ಕೆಲಸ. ಎದುರ ಮನಿ ಮಾಳಗಿ ಮ್ಯಾಲ ಒಂದ ನಾಯಿ ಕಟ್ಟಿ ಹಾಕಿದ್ರು. ಬಿಸಲಂದ್ರ ಅಲ್ಲೀದು ಬಿಸಲು. ನೀರಿಲ್ಲ, ನೆಳ್ಳಿಲ್ಲ. ಒದರಿ ಒದರಿ ಅದರ ದನೀನ ಹೋಗಿತ್ತು. ನಮ್ಮವ್ರೂ ನಿಮ್ಮಂಗ ಅಂದ್ರು, ಸುಮ್ನಿರು, ವೀಸಾ ಹೋದ್ರ ಗಂಟು ಮೂಟಿ ಕಟ್ಟಬೇಕಾಕ್ಕೈತಿ ಅಂತ."

"ಹೌದಲ್ಲ ಮತ್ತ," ಅಂದರು ಮಾವ.

"ಕೇಳ್ರಿ ಮುಂದ. ಅಂಜಿಕೋತನ ಅಲ್ಲೀ ಮುನಸಿಪಾಲ್ಟಿಗೆ ಫೋನ್ ಹಚ್ಚಿದೆ. ನನಗ ಅರಬ್ಬಿ ಬರಂಗಿಲ್ಲ ಅಂದೆ. ಹಿಂದಿ ಬರಾವ್ರ ಕೈಯಾಗ ಕೊಟ್ರು. ಮನಿ ಎಲ್ಲೈತಿ, ನಾಯಿ ಹೆಂಗೈತಿ, ಯಾವಾಗಿಂದ ಕಟ್ಯಾರ, ಅಷ್ಟ ಕೇಳಿದ್ರು. ಸಂಜಿಗೆ ಗಾಡಿ ಬಂತು, ನಾಯಿ ಬಿಡಿಸಿಕೊಂಡು ಹೋದ್ರು. ನನ್ನ ವೀಸಾ ಯಾರೂ ಕೇಳಲಿಲ್ಲ. ಪರದೇಶದಾಗ ಆಗಿದ್ದು ಪರರಾಜ್ಯದಾಗ ಆಗಂಗಿಲ್ಲೇನು?"

"ಫೋಟೋ ಗೀಟೋ ತಗದಿದ್ರೇನು ಚಿಕ್ಕಮ್ಮಾ?" ಎಂದು ನಾನು ಕೇಳಿದೆ. ನನ್ನ ಕೈಯಲ್ಲಿ ಮೊಬೈಲು ಆಗಲೇ ಬಂದಿತ್ತು. ಫೇಸ್‌ಬುಕ್ಕಿಗೆ ಹಾಕಿಬಿಡಬೇಕು ಅನ್ನುವಷ್ಟು ಸಿಟ್ಟು ನನಗೆ.

"ಅಲ್ಲಿ ತಗೀಲಿಲ್ಲ. ಮಂದಿ ಮನಿ ವಿಡಿಯೋ ತಗದು ಹಂಚಿದ್ರ ಕೆಲವ ದೇಶದಾಗ ನಮ್ಮ ಮ್ಯಾಲನ ಕೇಸ್ ಆಕ್ಕೈತಿ. ಅಲ್ಲೀ ಕಾಯಿದೆ ಏನೈತಿ ಮೊದಲ ಕೇಳಬೇಕು. ಇಲ್ಲಿ ಅಂಗಳದಾಗ ನಿಂತ ಎತ್ತಿಂದು ತಗೀ. ತಗದು ಪೊಲೀಸ್ರಿಗೆ ಕೊಡು, ಡಾಕ್ಟರಿಗೆ ಕೊಡು. ಫೇಸ್‌ಬುಕ್ಕಿಗೆ ಹಾಕಿದ್ರ ಅಂವ ಎತ್ತ ಹೊಡಕೊಂಡು ಪಾರಾಗ್ತಾನ. ಜಗಳಕ್ಕಂತೂ ಬೀಳಲೇಬ್ಯಾಡ."

ಅತ್ತೆ ಮಾವನ ಕಡೆ ತಿರುಗಿದರು. "ನೀವ ಒಮ್ಮೆ ಹೋಗಿ ಮುಟ್ಟಿ ನೋಡ್ರಿ. ಆಮ್ಯಾಲೂ ಬ್ಯಾಡ ಅಂದ್ರ, ನಾ ಫೋನಿಗೆ ಕೈ ಹಚ್ಚಂಗಿಲ್ಲ."

ಮಾವ ಹೋದರು. ಕಿಟಕಿಯಿಂದ ನಾವು ನೋಡುತ್ತಿದ್ದೆವು. ಕೊರಳು ಸವರಿದರು, ಹಾಗೇ ಕೈ ಬೆನ್ನಿಗೆ ಒಯ್ದರು. ಕೈ ಇನ್ನೂ ಝೂಲು ಮುಟ್ಟಿಲ್ಲ, ಎತ್ತು ಮೈ ಕುಗ್ಗಿಸಿ ಹಿಂದೆ ಸರಿಯಿತು. ಮಾವ ಅಲ್ಲೇ ನಿಂತರು. ತಿರುಗಿ ಬಂದಾಗ ಅವರ ಮುಖ ಬಿಳಿಚಿತ್ತು.

"ಹೆಗಲ ಮ್ಯಾಲ ಸಣ್ಣ ಹುಣ್ಣ ಆದ್ರೂ ನಮ್ಮಪ್ಪ ಆ ಎತ್ತಿಗೆ ನೊಗಾ ಇಡತಿದ್ದಿಲ್ಲ," ಅಂದರು. "ಬಿತ್ತಿಗಿ ತಡಾ ಆದ್ರೂ ಇಡತಿದ್ದಿಲ್ಲ. ಹಚ್ಚು ಫೋನ್."

ಅತ್ತೆ 112ಕ್ಕೆ ಫೋನ್ ಹಚ್ಚಿದರು. ಚಿಕ್ಕಮ್ಮನಿಗೆ ಹಿಂದಿ ಚೆನ್ನಾಗಿ ಬರುತ್ತದೆ, ಆದರೆ ಕಣ್ಣಾರೆ ಕಂಡವರೇ ಹೇಳಬೇಕು ಎಂದು ಅವರು ಅತ್ತೆಯ ಕೈಗೇ ಫೋನ್ ಕೊಟ್ಟಿದ್ದರು. ಅತ್ತೆಯ ಹಿಂದಿ ಎಂಥದ್ದು ಎಂದರೆ ತರಕಾರಿ ಮಾರುವವನೇ ನಗುತ್ತಾನೆ. "ಬಾಯೀ, ಮೇರೆಕು ಹಿಂದಿ ಥೋಡಾ ಥೋಡಾ," ಎಂದು ಶುರು ಮಾಡಿದರು. ಆ ಕಡೆಯ ಹೆಣ್ಣುಮಗಳು ನಗಲಿಲ್ಲ. ಸಾವಕಾಶ ಹೇಳಿ ಎಂದಳಂತೆ. ಯಾವ ಪ್ರಾಣಿ, ಏನಾಗಿದೆ, ಯಾವ ಜಾಗ, ಹತ್ತಿರ ಏನು ಗುರುತು, ಹಿಡಿದವನು ಅಲ್ಲೇ ಇದ್ದಾನೆಯೇ, ಇಷ್ಟು ಕೇಳಿ ಪೊಲೀಸರನ್ನು ಕಳಿಸುವುದಾಗಿ ಹೇಳಿದಳು. ಆಮೇಲೆ ಚಿಕ್ಕಮ್ಮ ಪ್ರಾಣಿಗಳ ಆಂಬುಲೆನ್ಸಿಗೆ ಹೇಳಿದರು. ಆ ನಂಬರು ಅವರ ಫೋನಿನಲ್ಲಿ ಯಾವಾಗಲೂ ಇರುತ್ತದೆ. ಡಾಕ್ಟರು ಮುಂಬಯಿಯ ಆ ತುದಿಯ ಪರೇಲಿನಿಂದ ಬರಬೇಕಿತ್ತು. ಹುಣ್ಣಿಗೆ ಅರಿಶಿನ, ಬೂದಿ ಏನೂ ಹಚ್ಚಬೇಡಿ, ನೆರಳಲ್ಲಿ ನಿಲ್ಲಿಸಿ, ನೀರು ಕೊಡಿ, ಎತ್ತನ್ನು ಮಾತ್ರ ನಡೆಸಬೇಡಿ ಎಂದು ಆಂಬುಲೆನ್ಸಿನವರು ಫೋನಿನಲ್ಲೇ ತಿಳಿಸಿದರು.

ನಡೆಸಬೇಡಿ ಎಂದರೇನೋ ಸರಿ. ಆದರೆ ಮರೆಪ್ಪ ಆಗಲೇ ಹಗ್ಗ ಸುತ್ತಿಕೊಳ್ಳುತ್ತಿದ್ದ. ಮುಂದಿನ ಓಣಿಯಲ್ಲಿ ಯಾರೋ ಕಾಯುತ್ತಿದ್ದಾರಂತೆ. ಪರೇಲಿನಿಂದ ಕಾಂದಿವಲಿಗೆ ಗಾಡಿ ಬರುವುದೆಂದರೆ ನಿಮಗೆ ಗೊತ್ತೇ ಇದೆ. ಈ ಎತ್ತು ಒಮ್ಮೆ ಗೇಟು ದಾಟಿದರೆ ಮುಂಬಯಿಯಲ್ಲಿ ಮತ್ತೆ ಎಲ್ಲಿ ಹುಡುಕುವುದು?

ಆಗ ಅತ್ತೆ ಮಾಡಿದ್ದನ್ನು ನೆನೆದರೆ ಈಗಲೂ ಮೈ ಜುಮ್ಮೆನ್ನುತ್ತದೆ. ಗೇಟಿಗೆ ಅಡ್ಡವಾಗಿ ಹೋಳಿಗೆಯ ತಟ್ಟೆ ಹಿಡಿದು ನಿಂತರು. "ಎತ್ತು ಬಾಯಿ ಮುಟ್ಟದ ಕಾರಹುಣ್ಣಿವಿ ಆಗಂಗಿಲ್ಲಪಾ. ಅದು ತಿನ್ನೂತನ ನಮ್ಮ ಚಾಳಿನಾಗ ಯಾರೂ ಉಣ್ಣಂಗಿಲ್ಲ, ನೀನೂ ಹೊಂಡಂಗಿಲ್ಲ. ನೀ ನಮ್ಮ ಕಡ್ಯಾಂವ, ನಿನಗ ಪದ್ಧತಿ ಹೇಳಬೇಕೇನು?"

ಮರೆಪ್ಪ ಸುತ್ತಿಕೊಂಡ ಹಗ್ಗ ಬಿಚ್ಚಿದ. ಅತ್ತೆ ಎತ್ತನ್ನು ಬೇವಿನ ಮರದ ನೆರಳಿಗೆ ತಂದು ನಿಲ್ಲಿಸಿದರು, ಬಕೆಟ್ ತುಂಬ ನೀರಿಟ್ಟರು. ತಾಜಬಿ ಚಿಕ್ಕಮ್ಮ ಸಾವಕಾಶ ಕೋಡಿಗೆ ಬಣ್ಣ ಹಚ್ಚಿದರು. ಆಮೇಲೆ ಆರತಿ ಶುರು. ಒಂದು ಆರತಿ ಮುಗಿದರೆ ಇನ್ನೊಂದು. ಹಾಲವ್ವನಿಗೆ ಕಿವಿಯಲ್ಲಿ ಹೇಳಿದ್ದೇ ತಡ, ಆಕೆ ಹಾಡು ಎತ್ತಿದಳು. ಆಕೆಯ ಹಾಡು ಶುರುವಾದರೆ ಮುಗಿಯುವುದಿಲ್ಲ ಎಂದು ಚಾಳಿನವರೆಲ್ಲ ಬೈಯುತ್ತಿದ್ದೆವು, ಅವತ್ತು ಅದೇ ನಮ್ಮನ್ನು ಕಾಪಾಡಿತು. ಮಾವ ಮರೆಪ್ಪನ ಕೈಯಿಂದ ಕೋಲು ಇಸಿದುಕೊಂಡು, "ಪೂಜಿಗೆ ಇಡೂನು," ಎಂದು ದೇವರ ಮುಂದೆ ಇಟ್ಟುಬಿಟ್ಟರು. ನಾನು ನಡುನಡುವೆ ಫೋಟೋ ತೆಗೆದೆ. ಹುಣ್ಣು, ಕಾಲು, ಕೋಲಿನ ಮೊಳೆ, ಎಲ್ಲವೂ ಬಂದವು.

ಕೊನೆಗೂ ಪೊಲೀಸರು ಬಂದರು. ಹಿಂದೆಯೇ ಆಂಬುಲೆನ್ಸು. ಹಾಡು ನಿಂತಿತು. ಹವಾಲ್ದಾರರು ಅಂಗಳದ ನಡುವೆ ನಿಂತು, ಫೋನ್ ಮಾಡಿದವರು ಯಾರು ಎಂದು ಹಿಂದಿಯಲ್ಲಿ ಕೇಳಿದರು. ಅತ್ತೆ ಬಾಯಿ ತೆರೆಯುವ ಮೊದಲೇ ಮಾವ ಮುಂದೆ ಹೋದರು. ನಮ್ಮ ಮಾವ, ಪೊಲೀಸರನ್ನು ಕಂಡರೆ ರಸ್ತೆ ದಾಟಿ ಹೋಗುವವರು.

"ಹಮ್ ಕಿಯಾ ಸಾಹೇಬ. ಹಮ್ ಕರ್ನಾಟಕ ಕೇ ಹೈ, ಬಾಹರ್ ಕೇ," ಅಂದರು.

"ಕಾಕಾ, ಮೈಂ ಭೀ ಸಾತಾರಾ ಕಾ ಹೂಂ," ಅಂದರು ಹವಾಲ್ದಾರರು. "ಬೈಲ್ ಕಹಾಂ ಹೈ?" ತಾವೂ ಹೊರಗಿನಿಂದ ಬಂದವರೇ, ಎತ್ತು ಎಲ್ಲಿ ಎಂದು ಕೇಳಿದ್ದು.

ಅಷ್ಟೇ. ಮಾವ ಇಷ್ಟು ವರ್ಷ ಹೆದರಿದ ಪ್ರಶ್ನೆ ಅಷ್ಟರಲ್ಲೇ ಮುಗಿದುಹೋಯಿತು.

ಡಾಕ್ಟರ್ ಸ್ನೇಹಲ್ ಎಂಬ ಚಿಕ್ಕ ವಯಸ್ಸಿನ ಹೆಣ್ಣುಮಗಳು ಝೂಲನ್ನು ಪೂರ್ತಿ ತೆಗೆದಳು. ಗೊರಸಿನಲ್ಲಿ ಕೀವು ತುಂಬಿತ್ತು. ಡಾಂಬರು ರಸ್ತೆಯಲ್ಲಿ ಇನ್ನೂ ನಡೆಸಿದ್ದರೆ ಕಾಲೇ ಹೋಗುತ್ತಿತ್ತು ಎಂದಳು. ಹಾಲವ್ವ ಆ ಹುಣ್ಣನ್ನೂ ಮೊಳೆಯ ಕೋಲನ್ನೂ ಒಂದಾದ ಮೇಲೊಂದು ನೋಡಿ, "ಅಯ್ಯ, ಇದಕ್ಕೇನ ಅದು ಹೂಂ ಅಂದಿದ್ದು," ಎಂದು ಕೂತುಬಿಟ್ಟಳು.

ಮರೆಪ್ಪನಿಗೆ ಈಗ ತಿಳಿಯಿತು. ಅತ್ತೆಯ ಮುಂದೆ ಬಂದು, "ಯವ್ವಾ, ನೀವ ನಮ್ಮ ಮಂದಿ ಅಂತ ನಂಬಿ ಬಂದೆ. ನಮ್ಮವ್ರ ಹಿಂಗ ಮಾಡೂದೇನು?" ಅಂದ.

ಅತ್ತೆ ಅವನ ಕಣ್ಣಲ್ಲಿ ಕಣ್ಣಿಟ್ಟು ಹೇಳಿದರು. "ನಮ್ಮಾಂವ ಅಂತನ ನಿನ್ನ ಮ್ಯಾಲ ಯಾರಿಗೂ ಕೈ ಎತ್ತಗೊಟ್ಟಿಲ್ಲ. ನಮ್ಮದು ಅಂತನ ಎತ್ತಿಗೆ ಡಾಕ್ಟರನ್ನ ಕರಸೀನಿ. ಇದರಾಗ ತಪ್ಪೇನೈತಿ, ನೀನ ಹೇಳು."

ಎತ್ತಿನ ಮಾಲಕ ಬೇರೆ ಇದ್ದಾನೆ, ದಿನಾ ತಿರುಗಿಸಲೇಬೇಕು ಎನ್ನುತ್ತಾನೆ ಎಂದು ಮರೆಪ್ಪ ಪೊಲೀಸರ ಮುಂದೆ ಬಾಯಿ ಬಿಟ್ಟ. ಅವರು ಅದನ್ನೂ ಬರೆದುಕೊಂಡರು, ಕೋಲನ್ನೂ ನನ್ನ ಫೋಟೋಗಳನ್ನೂ ತೆಗೆದುಕೊಂಡರು, ಅವನನ್ನು ಚೌಕಿಗೆ ಕರೆದೊಯ್ದರು. ಎತ್ತು ಆಂಬುಲೆನ್ಸ್ ಹತ್ತಿ ಪರೇಲಿನ ಪ್ರಾಣಿಗಳ ಆಸ್ಪತ್ರೆಗೆ ಹೋಯಿತು.

ಇನ್ನು ಹೋಳಿಗೆ. ಎತ್ತು ತಿಂದಿಲ್ಲ, ನಾವು ಉಣ್ಣುವುದು ಹೇಗೆ? ಅತ್ತೆ ಒಲ್ಲೆ ಎಂದು ಕೂತರು. ಅವರು ಕೂತ ಮೇಲೆ ಚಾಳಿನಲ್ಲಿ ಯಾರೂ ತಟ್ಟೆ ಹಾಕಲಿಲ್ಲ. ಸಂಜೆ ದೀಪ ಹಚ್ಚುವ ಹೊತ್ತಿಗೆ ನನ್ನ ಫೋನಿಗೆ ಡಾಕ್ಟರ್ ಸ್ನೇಹಲ್ ಒಂದು ವಿಡಿಯೋ ಕಳಿಸಿದಳು. ಎಲ್ಲರೂ ನನ್ನ ಮೇಲೆ ಮುಗಿಬಿದ್ದರು. ಬೆನ್ನಿಗೆ ಪಟ್ಟಿ, ಕಾಲಿಗೆ ಪಟ್ಟಿ, ಕೋಡಿನಲ್ಲಿ ಇನ್ನೂ ತಾಜಬಿ ಚಿಕ್ಕಮ್ಮನ ಬಣ್ಣ. ನಮ್ಮ ಎತ್ತು ತಲೆ ಬಗ್ಗಿಸಿ, ಯಾರೂ ಚುಚ್ಚದೆ, ಹಸಿರು ಮೇವು ತಿನ್ನುತ್ತಿತ್ತು.

"ಬಾಯಿ ಮುಟ್ಟಿತು," ಅಂದರು ಅತ್ತೆ. ಅಳುತ್ತಿದ್ದರು, ನಗುತ್ತಲೂ ಇದ್ದರು. "ಏ ಮಾಧುರಿ, ಎಲ್ಲಾರಿಗೂ ಎಡಿ ಮಾಡು."

ತಣ್ಣಗಾದ ಹೋಳಿಗೆ ಅಷ್ಟು ರುಚಿ ಇರುತ್ತದೆಂದು ನನಗೆ ಗೊತ್ತಿರಲಿಲ್ಲ. ಮಾವ ತಮ್ಮ ಪಾಲು ಉಣ್ಣುವ ಮೊದಲು ಒಂದು ಡಬ್ಬಿ ಕಟ್ಟಿಸಿಕೊಂಡು ಚೌಕಿಗೆ ಹೊರಟರು. ಮರೆಪ್ಪನೂ ಬೆಳಗಿನಿಂದ ಉಪವಾಸವಿದ್ದ.

ಅಕ್ಕಂದಿರೇ, ಅಣ್ಣಂದಿರೇ, ನೀವು ಬೊರಿವಲಿಯಲ್ಲಿರಿ, ಮಸ್ಕತ್ತಿನಲ್ಲಿರಿ, ಇದು ನಮ್ಮೂರಲ್ಲ ಎಂದು ಕಣ್ಣು ಮುಚ್ಚಿಕೊಳ್ಳಬೇಡಿ. ನಮ್ಮ ದೇಶದಲ್ಲಿ ಪ್ರಾಣಿಯನ್ನು ಹೊಡೆಯುವುದು, ಗಾಯವಾದದ್ದನ್ನು ದುಡಿಸುವುದು, ನೀರು ಮೇವು ಕೊಡದೆ ಕಟ್ಟಿ ಹಾಕುವುದು ಕಾಯಿದೆ ಪ್ರಕಾರ ಅಪರಾಧ. ದೂರು ಕೊಡಲು ನೀವು ಆ ಊರಿನವರೇ ಆಗಬೇಕಿಲ್ಲ, ಬಂದಷ್ಟು ಭಾಷೆ ಸಾಕು. 112 ಒತ್ತಿ, ಜಾಗ ಹೇಳಿ, ಕಂಡದ್ದನ್ನು ಕಂಡಂತೆ ಹೇಳಿ. ಬೇರೆ ದೇಶಕ್ಕೆ ಹೋದವರು ಅಲ್ಲಿ ಯಾರಿಗೆ ಫೋನ್ ಮಾಡಬೇಕು, ಫೋಟೋ ತೆಗೆಯಬಹುದೇ ಎಂದು ಮೊದಲೇ ಕೇಳಿ ತಿಳಿದುಕೊಳ್ಳಿ. ಈಗಲೇ ಫೋನ್ ಕೈಗೆ ತೆಗೆದುಕೊಳ್ಳಿ, ನಿಮ್ಮ ಊರಿನ ಪ್ರಾಣಿ ಆಂಬುಲೆನ್ಸಿನ ನಂಬರು ಹುಡುಕಿ ಹಾಕಿಕೊಳ್ಳಿ. ನಿಮ್ಮ ಅಂಗಳಕ್ಕೆ ಬಂದ ಮೂಕ ಜೀವ ತುತ್ತು ಒಲ್ಲೆ ಎಂದು ಮೂತಿ ತಿರುಗಿಸಿದರೆ, ನೀವು ಉಣ್ಣುವ ಮೊದಲು ಅದು ಯಾಕೆ ಒಲ್ಲದು ಎಂದು ಒಮ್ಮೆ ನೋಡಿ.