ಸರಪಳಿ ಪ್ರಾರ್ಥನೆಯಲ್ಲಿ ನನ್ನ ಸರದಿ

ನಮ್ಮ ಪ್ರಾರ್ಥನಾ ಮನೆಯಿಂದ ಯಾರಾದರೂ ಸುವಾರ್ತೆ ಸಾರಲು ಹೊರಟರೆ ಉಳಿದವರು ಸರಪಳಿ ಪ್ರಾರ್ಥನೆ ಹಿಡಿಯುತ್ತೇವೆ. ಒಬ್ಬೊಬ್ಬರಿಗೆ ಒಂದು ಗಂಟೆ. ತನ್ನ ಗಂಟೆ ಮುಗಿದವರು ಮುಂದಿನವರಿಗೆ ಮಿಸ್ಡ್ ಕಾಲ್ ಕೊಡಬೇಕು. ಅವರು ಕರೆಯನ್ನು ಕಟ್ ಮಾಡಿದರೆ ಪ್ರಾರ್ಥನೆಯನ್ನು ತೆಗೆದುಕೊಂಡರು ಎಂದರ್ಥ. ಅಲ್ಲಿಯ ತನಕ ಏಳುವಂತಿಲ್ಲ. ಹೋದವರು ಹಿಂದಿರುಗುವವರೆಗೆ ಸರಪಳಿ ಕಡಿಯಬಾರದು. ಈ ಕ್ರಮ ಮಾಡಿದವರು ಪಾಸ್ಟರ್ ಬಾಲರಾಜ್ ಅವರ ಹೆಂಡತಿ ಭವ್ಯಕ್ಕ.

ಕೊಟ್ಟಿಗೆಹಾರದ ಹತ್ತಿರ ನಾನೂ ಅಪ್ಪನೂ ಇರುವ ಎಸ್ಟೇಟಿನ ಕೂಲಿ ಲೈನಿನಲ್ಲಿ ನನ್ನನ್ನು ಕರೆದು ಮಾತನಾಡಿಸುತ್ತಿದ್ದವರು ಅವರೊಬ್ಬರೇ. ಏಳನೆಯ ತರಗತಿಗೆ ಶಾಲೆ ಬಿಟ್ಟ ಮೇಲೆ ನಾನು ಕಾಫಿ ಹಣ್ಣು ಕೊಯ್ಯಲು ಹೋಗುತ್ತೇನೆ. ಬೇರೆ ಹೆಂಗಸರು ಗಿಡದಿಂದ ಗಿಡಕ್ಕೆ ಕೂಗಿ ಹರಟುತ್ತಾರೆ, ನಾನು ನೋಡುತ್ತಿರುತ್ತೇನೆ. ಸಂಜೆ ಭವ್ಯಕ್ಕ ಅಡುಗೆಮನೆಗೆ ಕರೆದು ಈರುಳ್ಳಿ ಹೆಚ್ಚಲು ಕೊಡುತ್ತಿದ್ದರು. ನಾನು ಬಾಯಿ ಬಿಡದಿದ್ದರೂ ಅವರಿಗೆ ಬೇಸರವಿರಲಿಲ್ಲ.

ಆ ವರ್ಷ ಮಿಷನ್ನಿನ ಹಿರಿಯರು ಹೇಳಿಕಳಿಸಿದರು. ದೇವರಮನೆ ಗುಡ್ಡದ ಆಚೆಯ ಕಾಲೊನಿಯಲ್ಲಿ ಒಂದು ಮನೆಯೂ ಬಾಗಿಲು ತೆರೆಯದಿದ್ದರೆ ಪಾಸ್ಟರನ್ನು ಬಯಲುಸೀಮೆಗೆ ವರ್ಗ ಮಾಡುತ್ತಾರಂತೆ. ಹಿಂದೆ ಹೋದಾಗಲೆಲ್ಲ ಬರಿಗೈಯಲ್ಲಿ ಬಂದಿದ್ದರು. ಕೊನೆಯ ಪ್ರಯತ್ನವೆಂದು ಒಂದು ಭಾನುವಾರ ಆರಾಧನೆ ಮುಗಿಯುತ್ತಲೇ ಗಂಡ ಹೆಂಡತಿ ಹೊರಟರು.

ನನ್ನ ಸರದಿ ಮಧ್ಯಾಹ್ನ ಎರಡಕ್ಕೆ. ನನ್ನ ನಂತರ ರುದ್ರಾಣಿ, ಸಭೆಯಲ್ಲಿ ಎಲ್ಲರಿಗಿಂತ ಜೋರಾಗಿ ಪ್ರಾರ್ಥಿಸುವವಳು. ಹೊರಡುವ ಮೊದಲು ಸರದಿ ಹಂಚುತ್ತಾ ನನ್ನ ಹೆಸರು ಹೇಳಿದಾಗ ಅವಳು ಪಕ್ಕದವಳಿಗೆ, "ಇವ್ಳ ಪ್ರಾರ್ಥನೆ ಜೊತೇಲಿ ಕೂತೋರಿಗೇ ಕೇಳ್ಸಲ್ಲ ಮಾರಾಯ್ತಿ, ಮೇಲಿನ ತನಕ ಹೆಂಗೆ ಹೋಗುತ್ತೆ?" ಎಂದು ನಕ್ಕಳು.

ಭವ್ಯಕ್ಕ ನನ್ನ ಕಡೆ ತಿರುಗಿ, "ಹೋಗುತ್ತೆ. ನೀನು ಹಿಡ್ಕೋ," ಎಂದರು.

ನನಗಿಂತ ಮೊದಲಿನ ಸರದಿಯ ಪಾಪಮ್ಮಜ್ಜಿಯ ಕರೆ ಬಂತು, ಕಟ್ ಮಾಡಿದೆ. ಖಾಲಿ ಪ್ರಾರ್ಥನಾ ಮನೆಯ ಚಾಪೆಯ ಮೇಲೆ ಮೊಣಕಾಲೂರಿದೆ. ಕರ್ತನೇ, ಒಂದು ಬಾಗಿಲು ತೆರೆ, ಭವ್ಯಕ್ಕ ನನ್ನನ್ನು ಬಿಟ್ಟು ಹೋಗದಿರಲಿ. ನನ್ನಲ್ಲಿ ಇದ್ದದ್ದು ಅಷ್ಟೇ ಮಾತು. ಹೇಳಿ ಹೇಳಿ ಅದೂ ಸವೆಯಿತು. ತಲೆಯ ಮೇಲೆ ಮಾಡಿನ ಶೀಟು ಬಿಸಿಲಿಗೆ ಟಕ್ಕೆನ್ನುತ್ತಿತ್ತು. ಯಾರದೋ ಮನೆಯಲ್ಲಿ ಟಿವಿ ಓಡುತ್ತಿತ್ತು.

ಗಂಟೆ ಮುಗಿದಾಗ ರುದ್ರಾಣಿಗೆ ಕರೆ ಮಾಡಿದೆ. ಸ್ವಿಚ್ ಆಫ್. ಮತ್ತೆ ಮತ್ತೆ ಮಾಡಿದೆ. ಅವಳು ಆಲ್ದೂರಿನಲ್ಲಿ ಗೃಹಪ್ರವೇಶದ ಊಟಕ್ಕೆ ಹೋಗಿದ್ದಳೆಂದು ಆಮೇಲೆ ತಿಳಿಯಿತು. ಅವಳ ನಂತರ ಯಾರೆಂದು ನನಗೆ ಗೊತ್ತಿರಲಿಲ್ಲ. ಒಬ್ಬರಿಗೆ ಮುಂದಿನ ಒಬ್ಬರ ನಂಬರ್ ಮಾತ್ರ ಕೊಡುತ್ತಾರೆ. ಹಾಗಾಗಿ ಏಳಲಿಲ್ಲ.

ಹೇಳಲು ಏನೂ ಉಳಿದಿರಲಿಲ್ಲ. ಕಣ್ಣು ಮುಚ್ಚಿದರೆ ಆ ಕಾಲೊನಿಯವರು ಕಾಣತೊಡಗಿದರು. ಹಿಂದಿನ ಕೊಯ್ಲಿಗೆ ಅವರು ನಮ್ಮ ಎಸ್ಟೇಟಿಗೆ ಬಂದಿದ್ದರು. ಗುರುವಯ್ಯ ಚೀಲ ಹೊರುವಾಗ ಎಡಗಾಲು ಎಳೆಯುತ್ತಿದ್ದ. ಹುಚ್ಚಮ್ಮ ತನ್ನ ಬುತ್ತಿಯಲ್ಲಿ ಅರ್ಧ ತೆಗೆದಿಟ್ಟು, ಸಂಜೆ ಅದನ್ನು ಇರುವೆಗಳಿಗೆ ಸುರಿಯುತ್ತಿದ್ದಳು. ಸತ್ತ ಮಗಳ ಪಾಲಂತೆ. ಅದನ್ನು ದಿನವೂ ನೋಡುತ್ತಿದ್ದೆ, ಒಂದು ದಿನವೂ ಹತ್ತಿರ ಹೋಗಿ ಕೂತಿರಲಿಲ್ಲ. ಕರ್ತನೇ, ಹುಚ್ಚಮ್ಮ ಒಬ್ಬಳೇ ಉಣ್ಣದಿರಲಿ, ಎಂದೆ. ನನ್ನ ದನಿ ನನಗೇ ಕೇಳಿಸಿತು. ಆಮೇಲೆ ಗುರುವಯ್ಯ, ಅವನ ಹೆಂಡತಿ, ಹೆಸರು ಗೊತ್ತಿಲ್ಲದವರು. ಭವ್ಯಕ್ಕನ ವಿಷಯ ಮತ್ತೆ ಬಾಯಿಗೆ ಬರಲಿಲ್ಲ.

ಬೆಳಕು ಇಳಿಯುವಾಗ ಜೀಪು ಬಂತು. ಭವ್ಯಕ್ಕ ಒಳಗೆ ಬಂದು ಚಾಪೆಯ ಮೇಲೆ ಕುಳಿತರು. ಈ ಸಲವೂ ಎಲ್ಲರೂ ಬಾಗಿಲು ಹಾಕಿಕೊಂಡರಂತೆ. ಹಿಂದಿರುಗಿ ಜೀಪು ಹತ್ತುವಾಗ ಹುಚ್ಚಮ್ಮ ಕರೆದು ಊಟಕ್ಕೆ ಕೂರಿಸಿದಳಂತೆ. ಮಗಳ ಸುದ್ದಿ ಹೇಳಿ ಅತ್ತು, ನಿಮ್ಮ ದೇವರಿಗೊಂದು ಮಾತು ಹೇಳಿ ಎಂದಳಂತೆ.

ನಾನು ಅವರ ಕೈ ಹಿಡಿದುಕೊಂಡೆ. "ಹಂಗಾದ್ರೆ ನೀವು ಹೋಗಲ್ಲ."

ಅವರು, "ಅಲ್ಲಿಗೇ ಹೋಗ್ಬೇಕು ಕಣೇ," ಎಂದರು. "ಯಾವಾಗಲೋ ಒಮ್ಮೆ ಹೋಗಿ ಬಂದ್ರೆ ಆಗಲ್ಲ. ಅವ್ಳ ಮನೆ ಪಕ್ಕ ಒಂದು ರೂಮ್ ಖಾಲಿ ಇದೆ."

"ಇಲ್ಲಿ?"

"ಭಾನುವಾರ ಇವ್ರು ಬಂದು ಆರಾಧನೆ ನಡೆಸ್ತಾರೆ. ಉಳಿದ ದಿನ ಪ್ರಾರ್ಥನಾ ಮನೆ ಬಾಗಿಲು ನೀನು ತೆಗಿ."

ಬೇಡ ಎನ್ನಬೇಕೆನಿಸಿತು. ಆದರೆ ಹುಚ್ಚಮ್ಮ ಒಬ್ಬಳೇ ಉಣ್ಣದಿರಲಿ ಎಂದು ಕೇಳಿಕೊಂಡವಳು ನಾನೇ.

ಮುಂದಿನ ಭಾನುವಾರ ಆರಾಧನೆಯಲ್ಲಿ ರುದ್ರಾಣಿ ಎದ್ದು ನಿಂತು, ತಾನು ಕಣ್ಣೀರಿಟ್ಟು ಪ್ರಾರ್ಥಿಸಿದ್ದರಿಂದಲೇ ಹುಚ್ಚಮ್ಮನ ಬಾಗಿಲು ತೆರೆಯಿತೆಂದು ಸಾಕ್ಷಿ ಹೇಳಿದಳು. ನನಗೆ ಸಿಟ್ಟು ಬರಲಿಲ್ಲ. ಅವಳು ಫೋನ್ ಆನ್ ಇಟ್ಟುಕೊಂಡಿದ್ದರೆ ನನಗೆ ಹುಚ್ಚಮ್ಮ ನೆನಪಾಗುತ್ತಿರಲಿಲ್ಲ.

ಆ ವಾರವೇ ಭವ್ಯಕ್ಕ, ಪಾಸ್ಟರ್ ಗುಡ್ಡದ ಆಚೆಗೆ ಹೋದರು. ಪಾತ್ರೆಗಳನ್ನು ಜೀಪಿಗೆ ಹೊತ್ತುಕೊಟ್ಟೆ. ಅವರಿದ್ದ ಮನೆಯಲ್ಲಿ ಈಗ ಎಸ್ಟೇಟಿನವರು ಗೊಬ್ಬರದ ಚೀಲ ಇಟ್ಟಿದ್ದಾರೆ.

ಕೊಯ್ಲು ಮುಗಿಸಿ ಬಂದು ಕೈಕಾಲು ತೊಳೆದು ಪ್ರಾರ್ಥನಾ ಮನೆ ತೆಗೆಯುತ್ತೇನೆ. ಕೆಲವು ದಿನ ಪಾಪಮ್ಮಜ್ಜಿ ಬರುತ್ತಾಳೆ, ಹೆಚ್ಚಿನ ದಿನ ಯಾರೂ ಇಲ್ಲ. ಗುಡ್ಡದ ಆಚೆಯವರ ಹೆಸರುಗಳನ್ನು ಮೊದಲು ಹೇಳುತ್ತೇನೆ, ನಂತರ ಭವ್ಯಕ್ಕನದು. ನನ್ನದು ಬರುವಷ್ಟರಲ್ಲಿ ಕತ್ತಲಾಗಿರುತ್ತದೆ. ಎದ್ದು ಹೋಗಿ ಅಪ್ಪನಿಗೆ ಅನ್ನಕ್ಕೆ ಇಡಬೇಕು.